ಹೆಣೆದ ದಾರ ಮಹಾಶಯರಿಗೊಂದು ಬಿನ್ನಹ

ಮ॥ರಾ॥ರಾ॥ಶ್ರೀ ಹೆಣೆದ ದಾರ ಮಹಾಶಯರ ಸನ್ನಿಧಿಗೆ,

ಬ್ರೇಡ್ ಎಂಬ ನಾಮಧೇಯ ಹೊತ್ತು ತಾವು ನಮ್ಮ ಕಡೆಯ ರೀಲುಗಳ ಮೇಲೆ ವಿರಾಜಮಾನರಾದಂದಿನಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಗಾಳದವರೆಲ್ಲ ತಮಗೆ ಋಣಿಗಳು. ಋಣದ ಜೊತೆಜೊತೆಗೇ ಕೆಲವು ಅಹವಾಲುಗಳೂ ಕೂಡಿಬಿದ್ದಿವೆ. ತಾವು ದೊಡ್ಡವರು, ಮನಸ್ಸಿಗೆ ಹಾಕಿಕೊಳ್ಳಬೇಕು.

ಮೊದಲು ತಮ್ಮ ಗುಣಗಾನ, ಅದು ಸಲ್ಲಬೇಕಾದದ್ದೇ. ತಮ್ಮದು ಪಾಲಿಎಥಿಲೀನ್ ವಂಶ. ಸಾಂದ್ರತೆ 0.97, ಹಾಗಾಗಿ ತಾವು ನೀರಿನ ಮೇಲೆ ತೇಲುವವರು. ನೈಲಾನ್ ದಾರ ಎಳೆದರೆ ನೂರಕ್ಕೆ ಇಪ್ಪತ್ತರಷ್ಟು ಹಿಗ್ಗಿಬಿಡುತ್ತದೆ, ನೀರು ಕುಡಿದು ಬಲವನ್ನೂ ಒಂದಿಷ್ಟು ಕಳೆದುಕೊಳ್ಳುತ್ತದೆ. ತಾವು ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ನೀರನ್ನಂತೂ ಹೀರುವುದೇ ಇಲ್ಲ. ಹನಗೋಡಿನ ಕಟ್ಟೆಯ ಮೇಲೆ, ಲಕ್ಷ್ಮಣತೀರ್ಥದ ನಿಂತ ನೀರಿನ ಆಚೆ ತುದಿಯಲ್ಲಿ ಕೊರವ ಮೀನು ಬಾಯಿ ಹಾಕಿದರೆ ಈಚೆ ಬೆರಳಿಗೆ ಗೊತ್ತಾಗುತ್ತದೆ. ಈ ಉಪಕಾರವನ್ನು ಮರೆಯುವವರು ನಾವಲ್ಲ.

ತಮಗಿಂತ ಮೊದಲು ಈ ನದಿಗಳಿಗೆ ಇಳಿದವರು ರೇಷ್ಮೆ, ಅಗಸೆನಾರಿನ ದಾರಗಳು. ಎಚ್.ಎಸ್. ಥಾಮಸ್ ಅವರ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ನೈಲಾನ್ ಕೂಡ ಹುಟ್ಟಿರಲಿಲ್ಲ. ಆ ದಾರಗಳನ್ನು ಸಂಜೆ ರೀಲಿನಿಂದ ಬಿಚ್ಚಿ ಒಣಗಿಸದಿದ್ದರೆ ಕೊಳೆತೇ ಹೋಗುತ್ತಿದ್ದವು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಎಂದರೆ ಸುಮಾರು 54 ಕಿಲೋದ ಮಹಶೀರನ್ನು ಹಿಡಿದರು. ಆ ಹೊಳೆಗೆ ಬೀಚನಹಳ್ಳಿಯಲ್ಲಿ ಕಟ್ಟಿದ ಅಣೆಕಟ್ಟು ಮುಗಿದದ್ದು 1974ರಲ್ಲಿ. ಅವತ್ತಿನ ಕಬಿನಿ ತಡೆಯಿಲ್ಲದೆ ಹರಿಯುತ್ತಿದ್ದ ಹೊಳೆ. ತಾವಿಲ್ಲದ ಕಾಲದಲ್ಲೂ ಅಷ್ಟು ದೊಡ್ಡ ಮೀನು ದಡ ಕಂಡಿತ್ತು ಎಂಬುದನ್ನು ತಮ್ಮ ಡಬ್ಬಿಯ ಮೇಲಿನ ಬಿರುದಾವಳಿಯ ಪಕ್ಕದಲ್ಲಿ ವಿನಯದಿಂದ ಇಡುತ್ತಿದ್ದೇನೆ.

ಇನ್ನು ಮೊದಲ ಅಹವಾಲು. ತಮ್ಮ ಮೈ ಬಲು ನುಣುಪು. ರೀಲಿನ ಸ್ಪೂಲೂ ನುಣುಪು. ತಮ್ಮನ್ನು ನೇರವಾಗಿ ಸ್ಪೂಲಿಗೆ ಕಟ್ಟಿದರೆ, ಎಷ್ಟೇ ಬಿಗಿಯಾಗಿ ಗಂಟು ಹಾಕಿರಲಿ, ಮೀನು ಎಳೆದಾಗ ತಾವು ಸುತ್ತು ಸುತ್ತಾಗಿ ಇಡಿಯಾಗಿ ಸ್ಪೂಲಿನ ಮೇಲೆ ಜಾರಿ ತಿರುಗುತ್ತೀರಿ. ಹಿಡಿ ತಿರುವಿದರೆ ದಾರ ಒಳಗೆ ಬರುವುದಿಲ್ಲ. ಹೊಸದಾಗಿ ರೀಲು ಕೊಂಡ ಹುಡುಗರು ದಾರದ ಬಿಗಿ ಕಾಯುವ ಡ್ರ್ಯಾಗ್ ಕೆಟ್ಟಿದೆ ಎಂದುಕೊಂಡು ಅದನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ಕೆಟ್ಟಿರುವುದು ಡ್ರ್ಯಾಗ್ ಅಲ್ಲ, ತಮ್ಮ ಬುಡಕ್ಕೆ ಹಿಡಿತವಿಲ್ಲ. ಆದ್ದರಿಂದ, ಮಹಾಶಯರೇ, ತಮ್ಮ ಪಾದದಡಿ ಬಡಪಾಯಿ ನೈಲಾನ್ ದಾರವನ್ನು ಬ್ಯಾಕಿಂಗ್ ಆಗಿ ಕೂರಿಸಲು ಅಪ್ಪಣೆಯಾಗಬೇಕು. ಬುಡದಲ್ಲಿ ರಬ್ಬರ್ ಪಟ್ಟಿ ಇರುವ ಸ್ಪೂಲಾದರೆ ಅದಿಲ್ಲದೆಯೂ ನಡೆದೀತು. ಮಿಕ್ಕವಕ್ಕೆಲ್ಲ ನೈಲಾನೇ ಗತಿ.

ಎಷ್ಟು ಬ್ಯಾಕಿಂಗ್ ಎಂದು ಕೇಳಿದರೆ ಮಾರುವವರು ‘ಒಂದು ನಾಲ್ಕು ಸುತ್ತು ಹಾಕಿ’ ಎಂದು ಕಳಿಸುತ್ತಾರೆ. ಜಾರುವುದು ನಿಲ್ಲಲು ಅಷ್ಟು ಸಾಲಬಹುದು, ಸ್ಪೂಲು ತುಂಬಲು ಸಾಲದು. ಸ್ಪೂಲಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಕೆಳಗಿನವರೆಗೆ ದಾರ ತುಂಬಿರಬೇಕು. ಕಡಿಮೆಯಾದರೆ ಎಸೆದದ್ದು ದೂರ ಹೋಗುವುದಿಲ್ಲ, ಹೆಚ್ಚಾದರೆ ಸುತ್ತುಗಳು ಒಟ್ಟಿಗೇ ಉದುರಿ ಗೋಜಲಾಗುತ್ತವೆ. ಲೆಕ್ಕ ಕಷ್ಟದ್ದಲ್ಲ. ರೀಲಿನ ಮೇಲೆ 0.30 ಮಿಲಿಮೀಟರಿಗೆ 150 ಮೀಟರ್ ಎಂದು ಬರೆದಿದೆ ಎನ್ನೋಣ. ತಾವು 0.20 ಮಿಲಿಮೀಟರಿನವರು, 150 ಮೀಟರ್ ಉದ್ದದವರು. ದಪ್ಪಗಳ ವರ್ಗದ ಲೆಕ್ಕದಲ್ಲಿ ಮೊದಲನೆಯದು ತಮ್ಮ ಎರಡೂಕಾಲು ಪಟ್ಟು. ತಾವು ಆಕ್ರಮಿಸುವುದು ಆ ದಪ್ಪ ದಾರದ ಸುಮಾರು 67 ಮೀಟರಿನ ಜಾಗ. ಉಳಿದ 83 ಮೀಟರ್ 0.30ರ ನೈಲಾನ್ ಬ್ಯಾಕಿಂಗಿಗೆ. ಲೆಕ್ಕ ಬೇಡವೆನ್ನುವವರು ತಮ್ಮನ್ನು ಮೊದಲು ಸುತ್ತಿ, ಮೇಲೆ ಅಂಚಿನ ಹತ್ತಿರದವರೆಗೆ ನೈಲಾನ್ ತುಂಬಿ, ಆಮೇಲೆ ಎಲ್ಲವನ್ನೂ ಬೇರೆ ಸ್ಪೂಲಿಗೆ, ಅಲ್ಲಿಂದ ಇನ್ನೊಂದಕ್ಕೆ ಬಿಚ್ಚಿ, ನೈಲಾನಿನ ತುದಿಯಿಂದ ಮತ್ತೆ ರೀಲಿಗೆ ಸುತ್ತಿದರಾಯಿತು. ಒಂದು ಸಂಜೆಯ ಕೆಲಸ. ತಮ್ಮ ಬೆಲೆಯಲ್ಲಿ ಅರ್ಧದಷ್ಟು ಉಳಿಯುತ್ತದೆ, ಇದಕ್ಕೂ ತಮಗೆ ವಂದನೆ.

ಬುಡದಲ್ಲಿ ಕೂತವರ ಮೇಲೂ ಒಂದು ದೂರಿದೆ, ಅವರು ತಮ್ಮ ಆಶ್ರಿತರಾದ್ದರಿಂದ ತಮಗೇ ಅರಿಕೆ ಮಾಡುತ್ತೇನೆ. ಬ್ಯಾಕಿಂಗ್ ತಾನೇ, ಯಾರು ನೋಡುತ್ತಾರೆ ಎಂದು ವರ್ಷಗಟ್ಟಲೆ ಬಿಸಿಲು ತಿಂದು ಪೊಳ್ಳಾದ ಹಳೆಯ ನೈಲಾನನ್ನು ಅಲ್ಲಿ ಸುತ್ತುತ್ತಾರೆ. ಕೆರೆಯಲ್ಲಿ ನಡೆಯುತ್ತದೆ, ಜಿಲೇಬಿ ಮೀನು ಯಾರ ಬ್ಯಾಕಿಂಗನ್ನೂ ಹೊರಗೆಳೆದು ತೋರಿಸುವುದಿಲ್ಲ. ಚುಂಚನಕಟ್ಟೆಯ ಕೆಳಗೆ ಸೆಳವಿನೊಡನೆ ಇಳಿಯುವ ದೊಡ್ಡ ಮೀನು ತಮ್ಮ ಕೊನೆಯ ಸುತ್ತನ್ನೂ ಬಿಚ್ಚಿಸಿ ಬ್ಯಾಕಿಂಗನ್ನು ಮುಟ್ಟುತ್ತದೆ. ಆಗ ಆ ಹಳೆಯ ದಾರ ಹರಿದರೆ ನೂರೈವತ್ತು ಮೀಟರ್ ಬ್ರೇಡ್ ಮೀನಿನ ಬಾಯಿಗೆ ಅಂಟಿಕೊಂಡೇ ಹೋಗುತ್ತದೆ.

ಇಲ್ಲಿಗೆ ಬಂದೆ, ನನ್ನ ದೊಡ್ಡ ಅಹವಾಲಿಗೆ.

ತಾವು ಹರಿಯುವುದಿಲ್ಲ ಎಂಬುದೇ ತಮ್ಮ ಕೀರ್ತಿ. ಎಳೆತಕ್ಕೆ ಹರಿಯದ ತಾವು ಬಂಡೆಯ ಉಜ್ಜಿಗೆ ಮಾತ್ರ ಎಳೆ ಎಳೆಯಾಗಿ ಬಿಟ್ಟುಕೊಡುತ್ತೀರಿ. ಕೊಪ್ಪದ ಕಡೆ ಕೊಡಗಿನ ಗಡಿಯಾಗಿ ಹರಿಯುವ ಕಾವೇರಿಯಲ್ಲಿ ಬಂಡೆಯೇ ಹೆಚ್ಚು. ತಾರಕ, ನುಗುವಿನಂಥ ಹಿನ್ನೀರುಗಳಲ್ಲಿ ಮುಳುಗಿದ ಮರದ ಬೊಡ್ಡೆಗಳು. ತಾವು ನಟ್ಟನಡುವೆ ಕತ್ತರಿಸಿಕೊಂಡರೆ ಗಾಳ ಸಿಕ್ಕ ಮೀನು ಉದ್ದನೆಯ ದಾರವನ್ನು ಎಳೆದುಕೊಂಡು ತಿರುಗುತ್ತದೆ. ಆ ದಾರ ಯಾವುದೋ ಬೊಡ್ಡೆಗೆ ಸುತ್ತಿಕೊಂಡಲ್ಲಿ ಮೀನೂ ಅಲ್ಲೇ ನಿಲ್ಲುತ್ತದೆ, ತಿನ್ನದೆ ಸಾಯುತ್ತದೆ.

ಯಾವ ಮೀನು ಎಂಬುದನ್ನೂ ಹೇಳಬೇಕು. ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲೆಲ್ಲೂ ಇಲ್ಲದ, ಬೆನ್ನುಬ್ಬಿದ ಬಿಳಿಮೀನು, ಎಂದರೆ ಮಹಶೀರು. ಇದರ ವೈಜ್ಞಾನಿಕ ಹೆಸರು ಟಾರ್ ರೆಮದೇವಿ ಎಂದು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಗೆ ಸೇರಿಸಿದರು. ಚುಂಚನಕಟ್ಟೆಗೆ ಮೇಲಣ ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ ಮಹಶೀರುಗಳನ್ನು ದೇವರ ಮೀನೆಂದು ಜನ ಇವತ್ತಿಗೂ ಸಾಕುತ್ತಾರೆ. ವಾಲ್ನೂರಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಹಿಡಿದ ಮಹಶೀರನ್ನು ನೀರಿಗೇ ಬಿಡುವ ಪದ್ಧತಿ ಬೆಳೆಸಿದರು. ನಾಗರಹೊಳೆಯೊಳಗಿನ ಕಬಿನಿ ಹಿನ್ನೀರಿನಲ್ಲಿ ಗಾಳಕ್ಕೆ ಜಾಗವೇ ಇಲ್ಲ, ಇರಲೂ ಕೂಡದು. ಇಷ್ಟು ಜನ ಕಾಯುತ್ತಿರುವ ಮೀನು ತಮ್ಮ ಒಂದು ಎಳೆಯಿಂದ ಸತ್ತರೆ ನಮಗೆ ಸಹಿಸಲಾಗುವುದಿಲ್ಲ, ಮಹಾಶಯರೇ.

ಅದಕ್ಕೇ ಕೈಮುಗಿದು ಕೇಳುವುದು: ತಮ್ಮ ಮತ್ತು ಗಾಳದ ನಡುವೆ ಒಂದೆರಡು ಮಾರು ನೈಲಾನ್ ಅಥವಾ ಫ್ಲೋರೋಕಾರ್ಬನ್ ಲೀಡರನ್ನು ಒಪ್ಪಿಕೊಳ್ಳಿ. ಬಂಡೆಯ ಉಜ್ಜು ತಡೆಯುವಷ್ಟು ಅದು ದಪ್ಪವಿರಲಿ. ಆದರೆ ಅದರ ಬಲ ತಮಗಿಂತಲೂ ಬುಡದ ಬ್ಯಾಕಿಂಗಿಗಿಂತಲೂ ಕಡಿಮೆಯಿರಲಿ. ತಾವು 30 ಪೌಂಡಿನವರಾದರೆ ಲೀಡರು 20 ಸಾಕು, ಬ್ಯಾಕಿಂಗ್ 25ಕ್ಕೆ ಇಳಿಯದಿರಲಿ. ಹರಿಯಲೇಬೇಕಾದ ಹೊತ್ತು ಬಂದರೆ ಗಾಳದ ಹತ್ತಿರವೇ ಹರಿಯುತ್ತದೆ, ಮೀನು ಚಿಕ್ಕ ತುಂಡಿನೊಂದಿಗೆ ಬಿಡುಗಡೆಯಾಗುತ್ತದೆ.

ಈ ಲೆಕ್ಕವನ್ನೂ ತಮ್ಮ ಡಬ್ಬಿಯವರು ಕೆಡಿಸುತ್ತಾರೆ. 0.14 ಮಿಲಿಮೀಟರ್, 30 ಪೌಂಡ್ ಎಂದು ಅಚ್ಚು ಹಾಕಿದ ಅಗ್ಗದ ಡಬ್ಬಿಯೊಳಗೆ ಅದಕ್ಕಿಂತ ಎಷ್ಟೋ ದಪ್ಪನೆಯ ತಾವು ಕೂತಿರುತ್ತೀರಿ. ದಪ್ಪ ಸುಳ್ಳಾದರೆ ಬ್ಯಾಕಿಂಗಿನ ಲೆಕ್ಕ ಸುಳ್ಳು, ಬಲ ಸುಳ್ಳಾದರೆ ಲೀಡರಿನ ಲೆಕ್ಕ ಸುಳ್ಳು. ಅಳತೆಯನ್ನು ನಿಜವಾಗಿ ಬರೆಸಿಕೊಂಡು ಬರಬೇಕೆಂದು ಪ್ರಾರ್ಥನೆ. ಅಲ್ಲಿಯವರೆಗೆ ನಾವು ತಮ್ಮ ತುದಿಗೆ ತಕ್ಕಡಿ ಕಟ್ಟಿ ಎಳೆದು ನೋಡಿಯೇ ಲೀಡರು ಆಯುತ್ತೇವೆ, ಅದನ್ನು ಅವಿನಯವೆಂದು ತಿಳಿಯಬಾರದು.

ಕಡೆಯದಾಗಿ, ಸಾಗರಕಟ್ಟೆ ಸೇತುವೆಯ ಕೆಳಗೆ, ಕಟ್ಟೆಮಳಲವಾಡಿಯ ಏರಿಯ ಮೇಲೆ ಗೋಜಲಾದ ತಮ್ಮನ್ನು ಕತ್ತರಿಸಿ ಎಸೆದು ಹೋಗುವವರಿದ್ದಾರೆ. ಕೊಕ್ಕರೆಯ ಕಾಲಿಗೂ ನೀರುನಾಯಿಯ ಕುತ್ತಿಗೆಗೂ ತಾವು ಸುತ್ತಿಕೊಳ್ಳುತ್ತೀರಿ, ಕೊಳೆಯುವುದಂತೂ ಇಲ್ಲ. ಇದು ತಮ್ಮ ತಪ್ಪಲ್ಲ, ಗಾಳದವರದು. ತಮ್ಮನ್ನು ಮಾರುವ ಅಂಗಡಿಯಲ್ಲೇ ಹಳೆಯ ತುಂಡುಗಳನ್ನು ವಾಪಸು ಹಾಕಲು ಒಂದು ಡಬ್ಬ ಇಡುವಂತೆ ತಾವು ಶಿಫಾರಸು ಮಾಡಿದರೆ, ಅದಕ್ಕೆ ಮೊದಲ ತುಂಡು ಹಾಕಲು ನಾನು ಬರುತ್ತೇನೆ.

ಇಂತಿ ತಮ್ಮ ವಿಧೇಯ,
ಲಕ್ಷ್ಮಣತೀರ್ಥದ ದಡದ ಒಬ್ಬ ಗಾಳದವನು