ಖಾಲಿ ಸೈಟಿನ ಒಡೆಯರು

ನಮ್ಮ ಬಡಾವಣೆಯ ತಿರುವಿನಲ್ಲಿ ಒಂದು ಖಾಲಿ ಸೈಟಿದೆ. ಸೈಟಿನ ಯಜಮಾನರು ಅಮೆರಿಕದಲ್ಲಿದ್ದಾರೆ. ಸೈಟಿನಲ್ಲಿ ಇರುವವರೆಲ್ಲ ಅಮೆರಿಕ ಖಂಡದಿಂದ ಬಂದವರು. ನಡುವೆ ಎದೆಯೆತ್ತರದ ಪಾರ್ಥೇನಿಯಂ, ಕಾಂಪೌಂಡಿಗೆ ಒರಗಿಕೊಂಡ ಲಂಟಾನ, ಮೂಲೆಯಲ್ಲೊಂದು ಬಳ್ಳಾರಿ ಜಾಲಿ, ಕಾಲಡಿಯಲ್ಲಿ ಮುಟ್ಟಿದರೆ ಮುನಿ. ಎರಡೂ ಪಕ್ಷದವರು ಹೋದ ಕಡೆ ಚೆನ್ನಾಗಿ ಬೇರುಬಿಟ್ಟಿದ್ದಾರೆ. ವಾಪಸು ಹೊರಡುವ ಮಾತನ್ನು ಯಾರೂ ಆಡುತ್ತಿಲ್ಲ.

ಪರದೇಶದ್ದು ಅನ್ನುವ ಕಾರಣಕ್ಕೇ ಬೈಯೋಣವೆಂದರೆ ಅಡುಗೆಮನೆ ಅಡ್ಡ ಬರುತ್ತದೆ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಸೀಬೆ, ಪರಂಗಿ, ಗೋಡಂಬಿ ಎಲ್ಲವೂ ಅದೇ ದಿಕ್ಕಿನಿಂದ ಹಡಗು ಹತ್ತಿ ಬಂದವು. ಹಾಗೆಂದು ಹಾವೇರಿ ಜಿಲ್ಲೆಯಲ್ಲಿ ನಿಂತು ಬ್ಯಾಡಗಿ ಮೆಣಸಿನಕಾಯಿಯನ್ನು ಹೊರಗಿನದು ಅನ್ನುವ ಧೈರ್ಯ ನನಗಂತೂ ಇಲ್ಲ. ಆದರೆ ಮೆಣಸಿನ ಗಿಡಕ್ಕೆ ಬಂದ ಮನೆಯ ಮರ್ಯಾದೆ ಗೊತ್ತು. ಸಸಿಮಡಿ ಮಾಡಿ, ಗೊಬ್ಬರ ಹಾಕಿ, ಎಲೆ ಮುಟುರಿದರೆ ಔಷಧಿ ಹೊಡೆದು ಓಲೈಸಿದರೆ ಮಾತ್ರ ಕಾಯಿ ಬಿಡುತ್ತದೆ. ಪಾರ್ಥೇನಿಯಂ ಕರೆಯದೆ ಬರುತ್ತದೆ, ಕೇಳದೆ ಉಣ್ಣುತ್ತದೆ, ಹೋಗು ಅಂದರೆ ಮಕ್ಕಳು ಮರಿಯನ್ನೂ ಕರೆಸಿಕೊಳ್ಳುತ್ತದೆ.

ಅದಕ್ಕೆ ರೋಗರುಜಿನ ಬರುವುದಿಲ್ಲವೇ? ಬರುತ್ತದೆ, ಮೆಕ್ಸಿಕೋದಲ್ಲಿ. ಅಲ್ಲಿ ಅದರ ಎಲೆ ಮೇಯುವ ದುಂಬಿಯಿದೆ, ಕಾಂಡ ಕೊರೆಯುವ ಹುಳುವಿದೆ, ಮೈಗೆ ಹತ್ತುವ ತುಕ್ಕುರೋಗವಿದೆ. ತವರಿನಲ್ಲಿ ಅದೂ ಹತ್ತರಲ್ಲಿ ಹನ್ನೊಂದನೆಯ ಗಿಡ. ಬೀಜವೊಂದೇ ಹಡಗು ಹತ್ತಿತು. ಶತ್ರುಗಳೆಲ್ಲ ದಡದಲ್ಲೇ ಉಳಿದರು. ನಮ್ಮಲ್ಲಿ ಅದು ಎಲ್ಲರ ಕಣ್ಣಿಗೆ ಬಿದ್ದದ್ದು 1955ರ ಸುಮಾರಿಗೆ, ಪುಣೆಯಲ್ಲಿ. ಬರಗಾಲದ ದಿನಗಳ ಅಮೆರಿಕದ ಗೋಧಿಯ ಜೊತೆ ಬಂತೆಂದು ಜನ ಹೇಳುತ್ತಾರೆ. ಅದಕ್ಕೂ ಒಂದೂವರೆ ಶತಮಾನದ ಹಿಂದೆಯೇ ಇಲ್ಲಿ ಇತ್ತು ಅನ್ನುವುದಕ್ಕೆ ಸಸ್ಯಶಾಸ್ತ್ರದ ಹಳೆಯ ದಾಖಲೆಗಳಿವೆ. ಅಷ್ಟು ದಿನ ಸುಮ್ಮನಿದ್ದು ಆಮೇಲೆ ಎದ್ದಿದ್ದರೆ ಅದು ಇನ್ನೂ ಭಯದ ವಿಷಯ.

ಎದ್ದ ಮೇಲೆ ಮಾತ್ರ ತಡೆದವರಿಲ್ಲ. ಒಂದು ಗಿಡಕ್ಕೆ ಹದಿನೈದು, ಇಪ್ಪತ್ತು ಸಾವಿರ ಬೀಜ. ಬೇರು, ಎಲೆಗಳಲ್ಲಿರುವ ವಿಷ ಮಣ್ಣಿಗಿಳಿದು ಪಕ್ಕದವರ ಬೀಜ ಮೊಳೆಯದಂತೆ ನೋಡಿಕೊಳ್ಳುತ್ತದೆ. ಇದೆಲ್ಲಕ್ಕಿಂತ ದೊಡ್ಡ ಸಹಾಯ ನಮ್ಮ ದನಗಳದು. ಹಸು ಅಕ್ಕಪಕ್ಕದ ಗರಿಕೆಯನ್ನು ಬುಡದ ತನಕ ಮೇಯುತ್ತದೆ, ಪಾರ್ಥೇನಿಯಮ್ಮನ್ನು ಮೂಸಿ ಮುಂದೆ ಹೋಗುತ್ತದೆ. ಪಾರ್ಥೇನಿಯಮ್ಮಿನ ಹೊಲದಲ್ಲಿ ಗರಿಕೆಯೇ ಕಳೆ. ಅದನ್ನು ಕೀಳುವ ಆಳು ನಮ್ಮ ಕೊಟ್ಟಿಗೆಯ ಗೌರಿ. ಮೇವು, ಹಿಂಡಿ ನಮ್ಮದು, ಕೆಲಸ ಪಾರ್ಥೇನಿಯಮ್ಮಿನದು. ಜೆಸಿಬಿಯವನು ಮೋರಿ ತೋಡಿ ಮಣ್ಣು ಸುರಿದು ಹೋದರಂತೂ ಅದಕ್ಕೆ ಹದ ಮಾಡಿದ ಹೊಲವೇ ಸಿಕ್ಕಿದಂತೆ.

ಶತ್ರುವನ್ನೂ ತರಿಸೋಣವೆಂದು ವಿಜ್ಞಾನಿಗಳು ಮೆಕ್ಸಿಕೋದಿಂದ ಒಂದು ದುಂಬಿಯನ್ನು ಕರೆಸಿದರು. 1984ರಲ್ಲಿ ಅದನ್ನು ಬೆಂಗಳೂರಿನ ಸುತ್ತಮುತ್ತ ಬಿಟ್ಟರು. ತೆಳುಬಣ್ಣದ ಬೆನ್ನಿನ ಮೇಲೆ ಕಂದು ಗೀರು ಎಳೆದ ಚೆಂದದ ಹುಳು. ಹೇಳಿದ ಕೆಲಸವನ್ನು ಹೇಳಿದಷ್ಟು ಮಾಡಿತು. ಮಳೆಗಾಲದಲ್ಲಿ ಎಲೆಯೆಲ್ಲ ಬೋಳಿಸಿ, ಚಳಿ ಬಿದ್ದ ಕೂಡಲೇ ಮಣ್ಣಿನೊಳಗೆ ಹೋಗಿ ಮಲಗಿ, ಮುಂದಿನ ಮುಂಗಾರಿಗೆ ಏಳುವುದು. ಗಿಡಕ್ಕೆ ಅಂಥ ರಜೆಯ ಪದ್ಧತಿಯಿಲ್ಲ. ನಲ್ಲಿ ಸೋರಿದರೆ ಬೇಸಿಗೆಯಲ್ಲೂ ಮೊಳೆಯುತ್ತದೆ. ನಡುವೆ ದುಂಬಿ ಸೂರ್ಯಕಾಂತಿ ಹೊಲದಲ್ಲಿ ಕಂಡಿತೆಂದು ದೊಡ್ಡ ಗಲಾಟೆಯಾಯಿತು. ಪರೀಕ್ಷೆ ಮಾಡಿ ನೋಡಿದರೆ, ಸೂರ್ಯಕಾಂತಿಯ ಎಲೆಯ ಮೇಲೆ ಪಾರ್ಥೇನಿಯಂ ಪರಾಗ ಉದುರಿ, ಆ ವಾಸನೆಗೆ ಮರುಳಾಗಿ ಬಾಯಿ ಹಾಕಿತ್ತಂತೆ. ಪರಸ್ಥಳದಲ್ಲಿ ಊರಿನ ವಾಸನೆ ಬಂದರೆ ಯಾರಿಗೆ ತಾನೇ ತಡೆಯಲಾಗುತ್ತದೆ?

ಲಂಟಾನದ ಕಥೆ ಇದಕ್ಕಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬ್ರಿಟಿಷರು ಅಲಂಕಾರಕ್ಕೆಂದು ತಂದರು. ಅಲಂಕಾರಕ್ಕೇನೂ ಕೊರತೆಯಿಲ್ಲ. ಒಂದೇ ಗೊಂಚಲಿನಲ್ಲಿ ಹೊಸ ಹೂ ಹಳದಿ, ಹಳೆಯದು ಗುಲಾಬಿ. ಜೇನು ಮುಗಿದ ಹೂವು ಬಣ್ಣ ಬದಲಿಸಿ, ಇಲ್ಲೇನೂ ಇಲ್ಲ, ಹಳದಿಯ ಕಡೆ ಹೋಗಿ ಎಂದು ಚಿಟ್ಟೆಗಳಿಗೆ ದಾರಿ ತೋರಿಸುವಷ್ಟು ಸೌಜನ್ಯ. ಹಣ್ಣು ಪಿಕಳಾರಕ್ಕೂ ಮೈನಾಕ್ಕೂ ಇಷ್ಟ. ನಾವು ಶಾಲೆಯಿಂದ ಬರುತ್ತ ಹೂವಿನ ಜೇನು ಹೀರಿ, ಕಪ್ಪು ಹಣ್ಣು ತಿಂದು, ನಾಲಿಗೆ ಚಾಚಿ ಬಣ್ಣ ಹೋಲಿಸಿಕೊಂಡವರೇ. ಎಲೆಯನ್ನು ಮಾತ್ರ ದನ ತಿಂದರೆ ಕಾಮಾಲೆ ಹಿಡಿಯುತ್ತದೆ. ಹಾಗಾಗಿ ಇಲ್ಲೂ ಮೇಯುವವರಿಲ್ಲ. ಇವತ್ತು ದೇಶದ ಒಂದೂವರೆ ಲಕ್ಷ ಚದರ ಕಿಲೋಮೀಟರಿನಷ್ಟು ಕಾಡಿನೊಳಗೆ ಲಂಟಾನ ನುಗ್ಗಿದೆ ಎಂದು ಸಂಶೋಧಕರ ಅಂದಾಜು. ಜಿಂಕೆಯ ಹುಲ್ಲಿದ್ದ ಜಾಗದಲ್ಲೂ ಈಗ ಅದರದೇ ಪೊದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿದರೆ ಹಕ್ಕಿಯ ಮೇಲಾಗಲೀ ಬ್ರಿಟಿಷರ ಮೇಲಾಗಲೀ ದೂರು ಹೇಳುವುದಿಲ್ಲ. ಬೆಂಕಿ ನಿಂತದ್ದರಿಂದ ಲಂಟಾನ ಬಂತು ಅನ್ನುತ್ತಾರೆ. ಮೊದಲು ಬೇಸಿಗೆ ಬಲಿಯುವ ಮುನ್ನ, ತರಗೆಲೆ ಇನ್ನೂ ತೆಳ್ಳಗಿರುವಾಗ ತರಗು ಬೆಂಕಿ ಹಾಕುತ್ತಿದ್ದರು. ಮೊಣಕಾಲು ಮುಟ್ಟದ ಬೆಂಕಿ. ನೆಲದ ಮೇಲೆ ಸರಿದು ಹೋಗುತ್ತಿತ್ತು, ಲಂಟಾನದ ಎಳೆಯ ಸಸಿಗಳು ಸುಟ್ಟುಹೋಗುತ್ತಿದ್ದವು, ಮಳೆ ಬಿದ್ದರೆ ಹುಲ್ಲು ಏಳುತ್ತಿತ್ತು, ನೆಲ್ಲಿಮರಕ್ಕೆ ಬಂದಳಿಕೆಯ ಕಾಟವೂ ಹತೋಟಿಯಲ್ಲಿತ್ತು. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಬೆಂಕಿ ಹಾಕುವುದು ಅಪರಾಧವಾಯಿತು. ಕಾಡನ್ನು ಕಾಪಾಡಲಿಕ್ಕೇ ಮಾಡಿದ ಕಾನೂನು ಅದು, ದುರುದ್ದೇಶವೇನಿಲ್ಲ. ಆಮೇಲೆ ಸಸಿ ಪೊದೆಯಾಯಿತು, ಪೊದೆ ಮರದ ಕೊಂಬೆ ಹತ್ತಿತು. ಈಗ ಬೆಂಕಿ ಬಿದ್ದರೆ ತರಗಿನಲ್ಲಿ ನಿಲ್ಲುವುದಿಲ್ಲ, ಲಂಟಾನವನ್ನೇ ಏಣಿ ಮಾಡಿಕೊಂಡು ಮರದ ತಲೆಗೇ ಹೋಗುತ್ತದೆ. ಮರ ಸಾಯುತ್ತದೆ. ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ಹಳೆಯ ಪದ್ಧತಿಯನ್ನು ನಾಳೆಯೇ ವಾಪಸು ತಂದರೂ ಆ ಹಳೆಯ ಸಣ್ಣ ಬೆಂಕಿ ಈಗಿನ ಕಾಡಿನಲ್ಲಿ ಉರಿಯಲಾರದು. ಸೋಲಿಗರೇ ಇದನ್ನು ಹೇಳುತ್ತಾರೆ.

ಇದನ್ನೆಲ್ಲ ಓದಿದ ಮೇಲೆ ಈ ಗಿಡಗಳನ್ನು ದಂಡೆತ್ತಿ ಬಂದವರು ಅನ್ನಲು ನನಗೆ ಮನಸ್ಸಾಗುವುದಿಲ್ಲ. ಬಾಗಿಲು ನಾವು ತೆಗೆದಿದ್ದೆವು, ಮನೆ ಖಾಲಿಯಿತ್ತು, ಒಳಗಿದ್ದವರನ್ನು ದನ ಮೇದು ಮುಗಿಸಿತ್ತು. ಅವು ಬಂದು ಕೂತವು, ಅಷ್ಟೇ. ಕೀಳುವುದಕ್ಕೆ ಹೊರಟಾಗಲೂ ನಮ್ಮ ರೀತಿಯೇ ಹಾಗೆ. ಪಾರ್ಥೇನಿಯಂ ನಿರ್ಮೂಲನಾ ಸಪ್ತಾಹ ನಡೆಯುವುದು ಸಾಮಾನ್ಯವಾಗಿ ಹೂವೆಲ್ಲ ಬಿಟ್ಟ ಮೇಲೆ. ಕೈಗವಸು ತೊಟ್ಟು, ಫೋಟೋಗೆ ನಿಂತು, ಕಿತ್ತ ಗಿಡಗಳನ್ನು ಟ್ರಾಕ್ಟರಿನಲ್ಲಿ ಹೇರಿ, ದಾರಿಯುದ್ದಕ್ಕೂ ಬೀಜ ಚೆಲ್ಲುತ್ತ ಊರಾಚೆ ಒಯ್ಯುತ್ತೇವೆ. ಲಂಟಾನವನ್ನು ಮಚ್ಚಿನಿಂದ ಸೊಂಟಕ್ಕೆ ಕಡಿಯುತ್ತೇವೆ. ಅದು ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ. ಬುಡದ ಮಣ್ಣು ಸರಿಸಿ, ಬೇರಿನ ಕತ್ತಿನ ಕೆಳಗೆ ಕಡಿದು, ಗಿಡವನ್ನು ತಲೆಕೆಳಗಾಗಿ ಇಡಬೇಕು. ಅದೂ ಆಗಿ ಕೆಲವು ವರ್ಷ ಮತ್ತೆ ಮತ್ತೆ ಬಂದು ಸಸಿ ಕೀಳಬೇಕು. ಈ ಮತ್ತೆ ಮತ್ತೆ ಬರುವುದಕ್ಕೆ ಅನುದಾನ ಸಿಗುವುದು ಕಷ್ಟ. ಉದ್ಘಾಟನೆ ಮಾಡಲು ಅದರಲ್ಲಿ ಏನೂ ಇಲ್ಲವಲ್ಲ.

ಒಂದು ವಿಷಯದಲ್ಲಿ ಮಾತ್ರ ಲಂಟಾನ ಕೈಗೆ ಬಂದಿದೆ. ಬಿದಿರು ಸಿಗದ ಕಡೆ ಜನ ಅದರ ಕಡ್ಡಿಯಿಂದ ಬುಟ್ಟಿ ಹೆಣೆದರು. ಮಲೆ ಮಹದೇಶ್ವರ ಬೆಟ್ಟದಲ್ಲಿ ಕುಶಲಕರ್ಮಿಗಳು ಕುರ್ಚಿ, ಸೋಫಾ ಮಾಡುತ್ತಾರೆ. ನೀಲಗಿರಿಯ ಬುಡಕಟ್ಟಿನವರು ಆಳೆತ್ತರ ಮೀರಿದ ಆನೆಗಳನ್ನೇ ಹೆಣೆದರು. 2021ರಲ್ಲಿ ಆ ಆನೆಗಳು ಲಂಡನ್ನಿನ ಉದ್ಯಾನಗಳಲ್ಲಿ ಹಿಂಡುಹಿಂಡಾಗಿ ನಿಂತವು. ಅಲಂಕಾರಕ್ಕೆಂದು ತಂದ ಗಿಡವನ್ನು ಇನ್ನೂರು ವರ್ಷದ ಮೇಲೆ ಅಲಂಕಾರವಾಗಿಯೇ ಹಿಂತಿರುಗಿಸಿದೆವು. ಸಾಲ ತೀರಿತು ಅನ್ನುವಂತಿಲ್ಲ, ಅಸಲು ಇಲ್ಲೇ ಇದೆ.

ನನ್ನ ಈಗಿನ ಚಿಂತೆ ಬೇರೆಯದು. ಈ ಕುರ್ಚಿ ಸೋಫಾಗಳಿಗೆ ಬೇಡಿಕೆ ಏರಿತು ಅನ್ನಿ. ಕಾಡಿನ ಲಂಟಾನ ಸಾಲದು ಅನ್ನಿ. ಆಗ ಯಾರಾದರೂ ಪ್ರಗತಿಪರ ಕೃಷಿಕರು ಸಾಲು ಹಿಡಿದು ಲಂಟಾನ ನೆಡುತ್ತಾರೆ, ಹನಿ ನೀರಾವರಿಗೆ ಸಬ್ಸಿಡಿ ಕೇಳುತ್ತಾರೆ, ಲಂಟಾನ ಅಭಿವೃದ್ಧಿ ಮಂಡಳಿಗೆ ಅಧ್ಯಕ್ಷರ ನೇಮಕವಾಗುತ್ತದೆ. ಪಾತಿ ಮಾಡಿ, ಗೊಬ್ಬರ ಹಾಕಿ ಓಲೈಸಿದ ಮರುವರ್ಷವೇ ಅದಕ್ಕೆ ಎಲೆ ಮುಟುರು ರೋಗ ಬಂದರೂ ಬಂದೀತು.