ಎಂಆರ್‌ಐ ಎಂಬ ಕೊಳವೆ ವಾಸ

ಎಂಆರ್‌ಐ ಯಂತ್ರಕ್ಕೆ ಹೆದರುವವರನ್ನು ಪುಕ್ಕಲರೆಂದು ನಗುವುದು ನಮ್ಮಲ್ಲಿ ರೂಢಿ. ನನ್ನ ಮಟ್ಟಿಗೆ, ಹೆದರದವರನ್ನೇ ತುಸು ಅನುಮಾನದಿಂದ ನೋಡಬೇಕು. ಉಂಗುರ, ಓಲೆ, ಬೆಲ್ಟು ಎಲ್ಲ ಕಳಚಿಸಿ, ಲಾಡಿ ಕಟ್ಟುವ ಸಡಿಲ ಅಂಗಿ ತೊಡಿಸಿ, 60–70 ಸೆಂ.ಮೀ. ಅಗಲದ ಕೊಳವೆಯೊಳಗೆ ಸರಿಸಿ, ‘ಅಲುಗಾಡಬೇಡಿ’ ಎಂದು ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಸರಿಯಾಗಿ ಆಗಲೇ ಮೂಗಿನ ತುದಿ ತುರಿಸುತ್ತದೆ. ಸಾಲದ್ದಕ್ಕೆ ಒಳಗಿನ ಸುರುಳಿಗಳು ಅದುರಿ ಎಬ್ಬಿಸುವ ಗಡಗಡ ಸದ್ದು 100 ಡೆಸಿಬೆಲ್ ದಾಟುವುದೂ ಉಂಟು. ಇಷ್ಟಾದರೂ ಆರಾಮಾಗಿ ಗೊರಕೆ ಹೊಡೆಯುವ ಪುಣ್ಯಾತ್ಮರಿದ್ದಾರೆ, ಅವರ ಮಾತು ಬಿಡಿ.

‘ನೋವಿಲ್ಲ, ಎಕ್ಸ್‌ರೇಯಂಥ ವಿಕಿರಣವೂ ಇಲ್ಲ, ಮತ್ತೇಕೆ ಭಯ?’ ಎಂದು ಕೇಳುವವರ ಮಾತು ನಿಜವೇ. ಆದರೆ ಭಯ ನೋವಿನ ಲೆಕ್ಕ ನೋಡಿಕೊಂಡು ಬರುವುದಿಲ್ಲ. ಅರ್ಧ ಭಯ ಕೊಳವೆಯದು, ಉಳಿದರ್ಧ ನಾಳೆ ಬರುವ ವರದಿಯದು. ಮಂಪರಿನ ಔಷಧ ಕೊಟ್ಟರಾಯಿತಲ್ಲ ಎಂಬ ವಾದವೂ ಉಂಟು. ಕೆಲವರಿಗೆ ಅದು ಬೇಕೇ ಬೇಕು. ಎಲ್ಲರಿಗೂ ಅದೇ ಎಂದರೆ ನಿಗಾ ಇಡಬೇಕು, ಮನೆಗೆ ಕರೆದೊಯ್ಯಲು ಜೊತೆಗೊಬ್ಬರು ಬರಬೇಕು. ಅದಕ್ಕಿಂತ ಅಗ್ಗದ ಮದ್ದು ಮಾತು: ಎಷ್ಟು ಹೊತ್ತು, ಎಂಥ ಸದ್ದು, ಸಹಾಯಕ್ಕೆ ಕರೆಯಲೆಂದು ಕೈಗೆ ಕೊಡುವ ರಬ್ಬರ್ ಬುಗ್ಗೆ ಒತ್ತಿದರೆ ಏನಾಗುತ್ತದೆ ಎಂಬಷ್ಟು. ಹೇಳದೆ ಉಳಿಸಿದ ಸಮಯ ಉಳಿಯುವುದೂ ಇಲ್ಲ. ಗಾಬರಿಯಲ್ಲಿ ರೋಗಿ ಅಲುಗಿದರೆ ಚಿತ್ರ ಮಸುಕಾಗಿ ಮತ್ತೆ ಮೊದಲಿಂದ ಶುರು. 1977ರಲ್ಲಿ ಮನುಷ್ಯನ ಎದೆಯ ಮೊದಲ ಎಂಆರ್‌ಐ ಚಿತ್ರಕ್ಕೆ ಸುಮಾರು ಐದು ಗಂಟೆ ಹಿಡಿದಿತ್ತು, ಈಗ ಬಹುತೇಕ ಅರ್ಧ ಗಂಟೆಯ ಆಸುಪಾಸು. ಯಂತ್ರ ಇಷ್ಟು ಚುರುಕಾದ ಮೇಲೆ ಎರಡು ನಿಮಿಷ ವಿವರಿಸಲು ಪುರುಸೊತ್ತಿಲ್ಲ ಎಂಬುದು ಬರೀ ನೆವ. ಸಿಬ್ಬಂದಿ ತಾವಾಗಿ ಹೇಳದಿದ್ದರೆ, ಮಲಗುವ ಮುನ್ನ ನೀವೇ ಕೇಳಿ.