ಬಾಲಬೃಹಸ್ಪತಿಯ ತಂದೆ

ನಮ್ಮ ಬಡಾವಣೆಯಲ್ಲಿ ಅಸಾಧಾರಣ ಮೇಧಾಶಕ್ತಿಯ ಏಳು ವರುಷದ ಬಾಲಕನೊಬ್ಬನಿರುವನೆಂಬುದಕ್ಕಿಂತ, ಅಂತಹ ಬಾಲಕನಿಗೆ ತಂದೆಯೊಬ್ಬರಿರುವರೆಂಬುದೇ ಜನರಿಗೆ ಹೆಚ್ಚು ಪರಿಚಿತವಾದ ಸಂಗತಿ. ಖಜಾನೆಯಲ್ಲಿ ಗುಮಾಸ್ತರಾಗಿರುವ ಈ ಮಹನೀಯರ ಮನೆಗೆ ಬಾಡಿಗೆಗೆಂದು ಬಂದ ಮಾಲೀಕರಾಗಲಿ, ತಿಂಗಳ ಲೆಕ್ಕಕ್ಕೆಂದು ಬಂದ ಹಾಲಿನವಳಾಗಲಿ, ಹತ್ತೊಂಬತ್ತರ ಮಗ್ಗಿಯನ್ನು ಏರುಕ್ರಮದಲ್ಲೊಮ್ಮೆ ಇಳಿಕ್ರಮದಲ್ಲೊಮ್ಮೆ ಆಲಿಸದೆ ಹೊಸ್ತಿಲು ದಾಟಿದ ನಿದರ್ಶನವಿಲ್ಲ. “ಬಾರೋ ಪುಟ್ಟೂ, ಮಾಮನಿಗೆ ಹೇಳು” ಎಂಬ ಕರೆ ಬಂದೊಡನೆ, ಜಗಲಿಯಂಚಿನಲ್ಲಿ ಕುಳಿತು, ಅನ್ನದಗುಳನ್ನು ಹೊತ್ತು ಸಾಗುವ ಇರುವೆಗಳ ಸಾಲಿಗೆ ಅಡ್ಡಲಾಗಿ ನೀರಿನ ಗೆರೆಯೆಳೆದು, ಅವು ಬಳಸಿ ಬರುವ ಬಗೆಯನ್ನು ಪರಿಶೀಲಿಸುತ್ತಿದ್ದ ಬಾಲಕನು ಸಮನ್ಸು ಬಂದ ಸಾಕ್ಷಿಯಂತೆ ಎದ್ದು ಬಂದು, ಒಪ್ಪಿಸಿ, ಮರಳುವಷ್ಟರಲ್ಲಿ ನೀರು ಆರಿಹೋಗಿರುವುದು. “ಇರುವೆಗೆ ದಾರಿ ಹೇಗಪ್ಪಾ ಗೊತ್ತಾಗುತ್ತೆ?” ಎಂದರೆ, “ಅದೆಲ್ಲ ಪರೀಕ್ಷೆಗೆ ಬರೋದಿಲ್ಲ” ಎಂಬ ಉತ್ತರ ಸದಾ ಸಿದ್ಧ. ಆ ಪ್ರಶ್ನೆಗೆ ತಕ್ಕ ಮರ್ಯಾದೆ ಕೊಟ್ಟು, ಬೆಲ್ಲದ ಚೂರನ್ನಿರಿಸಿ, ಮೊಮ್ಮಗನೊಡನೆ ಕುಕ್ಕರುಗಾಲಿನಲ್ಲಿ ಕಾದು ಕುಳ್ಳಿರುವವರು ಆ ಮನೆಯಲ್ಲಿ ಅಜ್ಜಿಯೊಬ್ಬರೇ. ಆಕೆಗೆ ಓದು ಬಾರದು.

ಶಕುಂತಲಾದೇವಿಯವರು ಆರರ ವಯಸ್ಸಿನಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತಪ್ರದರ್ಶನವಿತ್ತರೆಂದು ನಮ್ಮ ಮಹನೀಯರು ಪದೇ ಪದೇ ಉದಾಹರಿಸುವರು. ದಿಟವೇ, ಆದರೆ ಮೂರು ವರುಷದ ಮಗಳಿಗೆ ಇಸ್ಪೀಟಿನ ಚಮತ್ಕಾರ ಕಲಿಸುವಾಗ ಅವಳ ಅಂಕಿಗಳ ನೆನಪನ್ನು ಗುರುತಿಸಿದ ಆ ತಂದೆ ಸರ್ಕಸ್ಸಿನವರು, ಪ್ರದರ್ಶನವೇ ಅವರ ಅನ್ನ. ಸರ್ಕಾರದ ಸಂಬಳ ತಿಂಗಳು ತಪ್ಪದೆ ಬರುವ ನಮ್ಮವರಿಗೆ ನಡುಮನೆಯಲ್ಲಿ ಡೇರೆ ಹಾಕುವ ತುರ್ತೇನಿತ್ತೋ ನಾನರಿಯೆ.

ಮುಖ್ಯೋಪಾಧ್ಯಾಯರನ್ನು ಕಾಡಿ ಬೇಡಿ ಡಬಲ್ ಪ್ರಮೋಷನ್ನನ್ನೂ ಕೊಡಿಸಿದ್ದಾಯಿತು. ನಾಲ್ಕನೆಯ ತರಗತಿಯ ಬೆಂಚಿನಿಂದ ಹುಡುಗನ ಕಾಲು ನೆಲಕ್ಕೆ ಎಟುಕದು; ಬಿಡುವು ಸಿಕ್ಕೊಡನೆ ಎರಡನೆಯ ತರಗತಿಯ ಗೋಲಿ ಗೆಳೆಯರಿಗಾಗಿ ಅವರ ಬಾಗಿಲಲ್ಲಿ ಕಾಯುವನು. ತಂದೆ ಮಾತ್ರ “ನಾವೀಗ ನಾಲ್ಕನೇ ಕ್ಲಾಸು” ಎಂದು ಬೀಗುವರು.

ಪಾಠದಲ್ಲಿ ಹಿಂದುಳಿದು ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು 1905ರಲ್ಲಿ ಪ್ಯಾರಿಸ್ಸಿನ ಬೀನೆ ಮಹಾಶಯನು ರಚಿಸಿದ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡ ಮಕ್ಕಳಿಗೂ ಒಗ್ಗಿಸಿರುವರೆಂದು ಕೇಳಿದಂದಿನಿಂದ ಮಹನೀಯರಿಗೆ ನಿದ್ರೆಯಿಲ್ಲ. ಹಿಂದುಳಿದವರಿಗಾಗಿ ಹುಟ್ಟಿದ ಅಳತೆಗೋಲಿನಿಂದಲೇ ಮಗನ ಔನ್ನತ್ಯವನ್ನು ಅಳೆಯಿಸಲು ಕಚೇರಿಗೆ ರಜೆ ಹಾಕಿ ಹೊರಟರು. ಪರೀಕ್ಷಕರು ಮೊದಲ ಪ್ರಶ್ನೆ ಕೇಳಿದರು. ಬಾಲಕನು ತಲೆಯೆತ್ತಿ ಯೋಚಿಸತೊಡಗಿದನು. ಉತ್ತರ ತಂದೆಯ ಬಾಯಿಂದ ಬಂದಿತು. ಎರಡನೆಯದಕ್ಕೂ ಹಾಗೆಯೇ, ಮೂರನೆಯದಕ್ಕೂ ಹಾಗೆಯೇ. ಪರೀಕ್ಷಕರು ಕೈಮುಗಿದು ಅವರನ್ನು ಹೊರಗೆ ಕುಳ್ಳಿರಿಸಿ ಬಾಗಿಲು ಹಾಕಿಕೊಂಡರಂತೆ. ಮೊಗಸಾಲೆಯಲ್ಲಿದ್ದ ಜವಾನನ ಬಳಿ ನಮ್ಮ ಮಹನೀಯರು ಹೇಳಿಕೊಂಡರು: “ಮೂರು ಪ್ರಶ್ನೆಗೂ ನಾವು ಸರಿಯಾಗಿಯೇ ಹೇಳಿದೆವಪ್ಪ, ಇನ್ನು ಒಳಗೆ ಅವನೊಬ್ಬನೇ ಏನು ಮಾಡುತ್ತಾನೋ!”